ಸಂತರಿಲ್ಲದ ಹರಕೆ ಚಿತ್ರ: ಫ್ರಿಡಾ ಕಾಹ್ಲೋ ಬದುಕು ಮತ್ತು ಕಲೆ

ಇಪ್ಪತ್ತನೆಯ ಶತಮಾನದ ಮೆಕ್ಸಿಕೊದ ಚಿತ್ರಕಲೆಯನ್ನು ಅಧ್ಯಯನ ಮಾಡುವವರಿಗೆ ಎರಡು ಬೇರೆ ಬೇರೆ ಅಳತೆಗಳು ಎದುರಾಗುತ್ತವೆ. ಒಂದು, 1910ರಲ್ಲಿ ಆರಂಭವಾದ ಕ್ರಾಂತಿಯ ತರುವಾಯ ಸರ್ಕಾರಿ ಕಟ್ಟಡಗಳ ಗೋಡೆಗಳನ್ನು ಆವರಿಸಿಕೊಂಡ ಬೃಹತ್ ಭಿತ್ತಿಚಿತ್ರಗಳ ಅಳತೆ. ಇನ್ನೊಂದು, ಎರಡು ಕೈಗಳಲ್ಲಿ ಹಿಡಿದು ನೋಡಬಹುದಾದ ಪುಟ್ಟ ತಗಡಿನ ಹಾಳೆಯ ಅಳತೆ. ಮೊದಲನೆಯದು ರಾಷ್ಟ್ರದ ಚರಿತ್ರೆಯನ್ನು ಸಾರ್ವಜನಿಕರಿಗೆ ಹೇಳಲು ಹೊರಟಿತ್ತು. ಎರಡನೆಯದು ಒಬ್ಬ ವ್ಯಕ್ತಿಗೆ ಒಂದು ದಿನ, ಒಂದು ಜಾಗದಲ್ಲಿ ಒದಗಿದ ಆಪತ್ತನ್ನು ದಾಖಲಿಸುತ್ತಿತ್ತು. ಫ್ರಿಡಾ ಕಾಹ್ಲೋ ತನ್ನ ಮಹತ್ವದ ಕೃತಿಗಳಿಗೆ ಈ ಎರಡನೆಯ ಅಳತೆಯನ್ನು ಆರಿಸಿಕೊಂಡಳು. ಭಿತ್ತಿಚಿತ್ರ ಚಳವಳಿಯ ನಾಯಕನಾಗಿದ್ದ ದಿಯೆಗೊ ರಿವೆರಾನ ಪತ್ನಿಯಾಗಿದ್ದುಕೊಂಡು ಆಕೆ ಮಾಡಿದ ಈ ಆಯ್ಕೆ ಆಕಸ್ಮಿಕವಾದುದಲ್ಲ.

ಫ್ರಿಡಾಳ ಕುರಿತು ಈವರೆಗೆ ನಡೆದಿರುವ ಚರ್ಚೆಗಳಲ್ಲಿ ಆಕೆಯ ಬದುಕು ಆಕೆಯ ಚಿತ್ರಗಳನ್ನು ಮರೆಮಾಡಿರುವುದೇ ಹೆಚ್ಚು. ಪೋಲಿಯೊ, ಬಸ್ ಅಪಘಾತ, ಶಸ್ತ್ರಚಿಕಿತ್ಸೆಗಳು, ಗರ್ಭಪಾತಗಳು, ಗಂಡನ ಪರಸ್ತ್ರೀ ಸಂಬಂಧಗಳು ಎಂಬ ಸರಪಳಿಯನ್ನು ಮೊದಲು ಕಟ್ಟಿಕೊಂಡು, ಪ್ರತಿಯೊಂದು ಚಿತ್ರವನ್ನೂ ಅದರ ಒಂದೊಂದು ಕೊಂಡಿಗೆ ತಗುಲಿಹಾಕುವ ಓದು ಜನಪ್ರಿಯವಾಗಿದೆ. ಇಂತಹ ಓದಿನಲ್ಲಿ ಚಿತ್ರವು ನೋವಿನ ಸಾಕ್ಷ್ಯವಾಗುತ್ತದೆಯೇ ಹೊರತು ಕೃತಿಯಾಗುವುದಿಲ್ಲ. ಆಕೆ ರಚಿಸಿದ ಸುಮಾರು 143 ವರ್ಣಚಿತ್ರಗಳಲ್ಲಿ 55ರಷ್ಟು ಆತ್ಮಚಿತ್ರಗಳೇ ಆಗಿರುವುದರಿಂದ ಈ ಓದಿಗೆ ಸುಲಭವಾದ ಸಮರ್ಥನೆಯೂ ದೊರೆಯುತ್ತದೆ. ಆದರೆ ನೋವನ್ನು ಅನುಭವಿಸುವುದು ಬೇರೆ, ಅದಕ್ಕೊಂದು ರೂಪ ಕೊಡುವುದು ಬೇರೆ. ಫ್ರಿಡಾಳಿಗೆ ಆ ರೂಪ ದೊರೆತದ್ದು ಮೆಕ್ಸಿಕೊದ ಜನಪದ ಭಕ್ತಿಪರಂಪರೆಯ ಹರಕೆ ಚಿತ್ರಗಳಲ್ಲಿ. ಆ ರೂಪವನ್ನು ಆಕೆ ಹೇಗೆ ಸ್ವೀಕರಿಸಿದಳು, ಅದರೊಳಗಿನ ಯಾವ ನೆಲೆಯನ್ನು ಖಾಲಿ ಬಿಟ್ಟಳು, ಆ ಖಾಲಿ ನೆಲೆಯಲ್ಲಿ ಕಾಲಕಾಲಕ್ಕೆ ಯಾರನ್ನು ತಂದಿರಿಸಿದಳು ಎಂಬ ಪ್ರಶ್ನೆಗಳ ಮೂಲಕ ಆಕೆಯ ಬದುಕು ಮತ್ತು ಕಲೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹರಕೆ ಚಿತ್ರದ ಸ್ವರೂಪ

ಮೆಕ್ಸಿಕೊದ ಕ್ಯಾಥೊಲಿಕ್ ಜನಸಮುದಾಯದಲ್ಲಿ ಆಪತ್ತಿನಿಂದ ಪಾರಾದವರು ತಮ್ಮನ್ನು ಕಾಪಾಡಿದ ಸಂತರಿಗೆ ಅಥವಾ ಮೇರಿಮಾತೆಗೆ ಒಂದು ಪುಟ್ಟ ಚಿತ್ರವನ್ನು ಅರ್ಪಿಸುವ ರೂಢಿಯಿದೆ. ಇವನ್ನು ಎಕ್ಸ್ ವೋಟೊ ಎಂದೂ, ರೂಢಿಯಲ್ಲಿ ರೆತಾಬ್ಲೊ ಎಂದೂ ಕರೆಯುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ತವರ ಲೇಪಿಸಿದ ತಗಡು ಅಗ್ಗವಾಗಿ ದೊರೆಯತೊಡಗಿದ ಮೇಲೆ ಈ ರೂಢಿ ಸಾಮಾನ್ಯ ಜನರ ನಡುವೆ ವ್ಯಾಪಕವಾಗಿ ಹರಡಿತು. ಇವುಗಳನ್ನು ರಚಿಸುತ್ತಿದ್ದವರು ಬಹುಮಟ್ಟಿಗೆ ಕಲಾಶಾಲೆಯ ಶಿಕ್ಷಣವಿಲ್ಲದ, ಹೆಸರಿಲ್ಲದ ಚಿತ್ರಕಾರರು.

ಈ ಚಿತ್ರಗಳಿಗೆ ಮೂರು ನಿಶ್ಚಿತ ಭಾಗಗಳಿವೆ. ನಡುವೆ ಆಪತ್ತಿನ ದೃಶ್ಯ: ಹಾಸಿಗೆ ಹಿಡಿದ ರೋಗಿ, ಕುದುರೆಯಿಂದ ಬಿದ್ದವನು, ಪ್ರಸವವೇದನೆಯಲ್ಲಿರುವ ಹೆಂಗಸು. ಮೇಲ್ಭಾಗದಲ್ಲಿ ಮೋಡಗಳ ನಡುವೆ ಕಾಣಿಸಿಕೊಳ್ಳುವ ಸಂತರು ಅಥವಾ ಮೇರಿಮಾತೆ. ಕೆಳಭಾಗದ ಪಟ್ಟಿಯಲ್ಲಿ ಹರಕೆ ಹೊತ್ತವರ ಹೆಸರು, ಊರು, ದಿನಾಂಕ, ಘಟನೆಯ ವಿವರ ಮತ್ತು ಕೃತಜ್ಞತೆಯ ಬರಹ. ದೃಶ್ಯ, ದೈವ, ಬರಹ ಈ ಮೂರೂ ಸೇರಿದಾಗಲೇ ಹರಕೆ ತೀರುತ್ತದೆ. ಹರಕೆ ಚಿತ್ರವು ನೋವಿನ ಚಿತ್ರವಾಗಿ ಕಂಡರೂ ನೋವು ಮುಗಿದ ಬಳಿಕ, ಬದುಕಿ ಉಳಿದವರು ಮಾಡಿಸಿದ ಚಿತ್ರ ಎಂಬುದನ್ನು ಇಲ್ಲಿ ಗಮನಿಸಬೇಕು. ಫ್ರಿಡಾ ಮತ್ತು ರಿವೆರಾ ಇಂತಹ ಚಿತ್ರಗಳನ್ನು ಆಸಕ್ತಿಯಿಂದ ಸಂಗ್ರಹಿಸಿದ್ದರು. ಆಕೆಯ ಮನೆಯಲ್ಲಿ ಉಳಿದುಬಂದ ಸಂಗ್ರಹದಲ್ಲಿ ಅವುಗಳ ಸಂಖ್ಯೆ ನಾನೂರನ್ನು ಮೀರುತ್ತದೆ.

ಹುಟ್ಟು, ಮನೆತನ ಮತ್ತು ಕ್ರಾಂತಿಯ ಕಾಲ

ಮಗ್ದಲೇನಾ ಕಾರ್ಮೆನ್ ಫ್ರಿಡಾ ಕಾಹ್ಲೋ ಇ ಕಾಲ್ದೆರೋನ್ ಹುಟ್ಟಿದ್ದು 1907ರ ಜುಲೈ 6ರಂದು, ಆಗ ಮೆಕ್ಸಿಕೊ ನಗರದ ಹೊರವಲಯದಲ್ಲಿದ್ದ ಕೊಯೊಅಕಾನ್‌ನಲ್ಲಿ. ಮುಂದೆ ಕಾಸಾ ಅಸುಲ್, ಅಂದರೆ ನೀಲಿ ಮನೆ ಎಂದು ಪ್ರಸಿದ್ಧವಾದ ಮನೆಯಲ್ಲಿಯೇ ಆಕೆ ಬೆಳೆದಳು. ತಂದೆ ಗಿಯೆರ್ಮೊ ಕಾಹ್ಲೋ ಜರ್ಮನಿಯ ಫೋರ್ಟ್ಸ್‌ಹೈಮ್‌ನಲ್ಲಿ ಹುಟ್ಟಿ, 1891ರಲ್ಲಿ ಮೆಕ್ಸಿಕೊಗೆ ವಲಸೆ ಬಂದವನು. ವೃತ್ತಿಯಿಂದ ಛಾಯಾಗ್ರಾಹಕ. ಪೊರ್ಫಿರಿಯೊ ದಿಯಾಸ್‌ನ ಸರ್ಕಾರಕ್ಕಾಗಿ ದೇಶದ ವಾಸ್ತುಶಿಲ್ಪ ಪರಂಪರೆಯನ್ನು ಛಾಯಾಚಿತ್ರಗಳಲ್ಲಿ ದಾಖಲಿಸಿದವನು. ತಾಯಿ ಮತಿಲ್ದೆ ಕಾಲ್ದೆರೋನ್ ಸ್ಪಾನಿಷ್ ಹಾಗೂ ಮೂಲನಿವಾಸಿ ಮನೆತನಗಳೆರಡರ ಹಿನ್ನೆಲೆಯುಳ್ಳ, ತೀವ್ರ ದೈವಶ್ರದ್ಧೆಯ ಕ್ಯಾಥೊಲಿಕ್ ಹೆಂಗಸು. ತಂದೆಯ ಕ್ಯಾಮೆರಾ ಮತ್ತು ತಾಯಿಯ ದೇವರಮೂಲೆ ಇವೆರಡೂ ಫ್ರಿಡಾಳ ದೃಶ್ಯಕಲ್ಪನೆಯನ್ನು ರೂಪಿಸಿದವು ಎನ್ನಬಹುದು. ಛಾಯಾಚಿತ್ರಗಳಿಗೆ ಬಣ್ಣ ತುಂಬುವ, ದೋಷ ತಿದ್ದುವ ಸೂಕ್ಷ್ಮ ಕುಂಚದ ಕೆಲಸವನ್ನು ಆಕೆ ಕಲಿತದ್ದು ತಂದೆಯಿಂದಲೇ.

ತನ್ನ ಜೀವನದ ವಿವರಗಳನ್ನು ತನಗೆ ಬೇಕಾದಂತೆ ತಿದ್ದಿ ಹೇಳುವ ಪ್ರವೃತ್ತಿ ಫ್ರಿಡಾಳಲ್ಲಿತ್ತು. ತಾನು ಹುಟ್ಟಿದ್ದು ಕ್ರಾಂತಿಯ ವರ್ಷವಾದ 1910ರಲ್ಲಿ ಎಂದು ಆಕೆ ಹೇಳಿಕೊಳ್ಳುತ್ತಿದ್ದಳು. ತಂದೆಯು ಹಂಗೇರಿ ಮೂಲದ ಯಹೂದಿ ಮನೆತನದವನೆಂದೂ ಹೇಳುತ್ತಿದ್ದಳು. 2005ರಲ್ಲಿ ಪ್ರಕಟವಾದ ಸಂಶೋಧನೆಯು ಆ ಮನೆತನ ಜರ್ಮನಿಯ ಲೂಥರನ್ ಪಂಥದ್ದೆಂದು ತೋರಿಸಿಕೊಟ್ಟಿತು. ಇವನ್ನು ಕೇವಲ ಸುಳ್ಳುಗಳೆಂದು ತಳ್ಳಿಹಾಕುವಂತಿಲ್ಲ. ಹುಟ್ಟಿದ ದಿನಾಂಕವನ್ನು ರಾಷ್ಟ್ರದ ಮರುಹುಟ್ಟಿನ ದಿನಾಂಕಕ್ಕೆ ಜೋಡಿಸಿಕೊಳ್ಳುವುದು ಒಂದು ರಾಜಕೀಯ ನಿಲುವೂ ಹೌದು. ಆದರೆ ಆತ್ಮಚಿತ್ರಗಳನ್ನು ನೇರ ಆತ್ಮಕಥನವೆಂದು ಓದುವವರಿಗೆ ಇದು ಎಚ್ಚರಿಕೆಯೂ ಆಗಬೇಕು. ಇಲ್ಲಿ ಕಾಣುವ ನಾನು ಎಂಬುದು ಕಟ್ಟಿಕೊಂಡದ್ದು.

ಆರನೆಯ ವಯಸ್ಸಿನಲ್ಲಿ ತಗುಲಿದ ಪೋಲಿಯೊದಿಂದ ಆಕೆಯ ಬಲಗಾಲು ಸಣ್ಣದಾಯಿತು. 1922ರಲ್ಲಿ ಆಕೆ ವೈದ್ಯೆಯಾಗುವ ಗುರಿಯಿಂದ ರಾಷ್ಟ್ರೀಯ ಪೂರ್ವಸಿದ್ಧತಾ ಶಾಲೆಯನ್ನು ಸೇರಿದಳು. ಸುಮಾರು 2000 ವಿದ್ಯಾರ್ಥಿಗಳಿದ್ದ ಆ ಶಾಲೆಯಲ್ಲಿ ಹುಡುಗಿಯರ ಸಂಖ್ಯೆ 35 ಮಾತ್ರ. ಶಿಕ್ಷಣ ಸಚಿವನಾಗಿದ್ದ ಹೊಸೆ ವಾಸ್ಕೊನ್ಸೆಲೊಸ್ ಸರ್ಕಾರಿ ಗೋಡೆಗಳನ್ನು ಕಲಾವಿದರಿಗೆ ಒಪ್ಪಿಸಿದ ಕಾಲವದು. ಆ ಶಾಲೆಯ ಸಭಾಂಗಣದಲ್ಲಿಯೇ ರಿವೆರಾ 'ಸೃಷ್ಟಿ' ಎಂಬ ತನ್ನ ಮೊದಲ ಭಿತ್ತಿಚಿತ್ರವನ್ನು ರಚಿಸುತ್ತಿದ್ದನು. ಹೀಗೆ ಚಿತ್ರಕಲೆ ಫ್ರಿಡಾಳ ಕಣ್ಣಿಗೆ ಮೊದಲು ಬಿದ್ದದ್ದು ಪುರುಷನೊಬ್ಬ ಏಣಿಕಟ್ಟಿನ ಮೇಲೆ ನಿಂತು ಮಾಡುವ ಸಾರ್ವಜನಿಕ ಕೆಲಸವಾಗಿ.

ಅಪಘಾತ ಮತ್ತು ಕನ್ನಡಿ

1925ರ ಸೆಪ್ಟೆಂಬರ್ 17ರಂದು ಫ್ರಿಡಾ ಮತ್ತು ಆಕೆಯ ಗೆಳೆಯ ಅಲೆಹಾಂದ್ರೊ ಗೊಮೆಸ್ ಆರಿಯಾಸ್ ಪ್ರಯಾಣಿಸುತ್ತಿದ್ದ ಬಸ್ಸಿಗೆ ಟ್ರಾಮ್ ಗಾಡಿಯೊಂದು ಡಿಕ್ಕಿ ಹೊಡೆಯಿತು. ಬಸ್ಸಿನ ಕಬ್ಬಿಣದ ಕೈಹಿಡಿ ಸರಳು ಆಕೆಯ ಸೊಂಟದ ಭಾಗವನ್ನು ತೂರಿಹೋಯಿತು. ಬೆನ್ನುಮೂಳೆ ಮೂರು ಕಡೆ ಮುರಿಯಿತು. ಬಲಗಾಲಿನಲ್ಲಿ ಹನ್ನೊಂದು ಮುರಿತಗಳಾದವು. ವೈದ್ಯಕೀಯ ಓದು ಅಲ್ಲಿಗೆ ನಿಂತಿತು. ತಿಂಗಳುಗಟ್ಟಲೆ ಮಲಗಿಯೇ ಇರಬೇಕಾದ ಮಗಳಿಗಾಗಿ ತಾಯಿ ಹಾಸಿಗೆಯಲ್ಲಿಯೇ ಬಳಸಬಹುದಾದ ಈಸೆಲನ್ನು ಮಾಡಿಸಿದಳು, ಮಂಚದ ಮೇಲ್ಕಟ್ಟಿಗೆ ಕನ್ನಡಿಯೊಂದನ್ನು ಹಾಕಿಸಿದಳು. ಕಲಾಶಾಲೆಯ ಮಾದರಿಗಳಿಲ್ಲದ ಆಕೆಗೆ ಕಣ್ಣೆದುರಿನ ತನ್ನ ಮುಖವೇ ಮಾದರಿಯಾಯಿತು. 1926ರಲ್ಲಿ ರಚಿಸಿ ಗೊಮೆಸ್ ಆರಿಯಾಸ್‌ಗೆ ಕೊಟ್ಟ 'ಮಖಮಲ್ಲಿನ ಉಡುಪಿನಲ್ಲಿ ಆತ್ಮಚಿತ್ರ' ಆಕೆಯ ಮೊದಲ ಗಣನೀಯ ಕೃತಿ. ಅದರಲ್ಲಿ ಅಪಘಾತದ ಕುರುಹಿಲ್ಲ. ಯುರೋಪಿನ ಪುನರುಜ್ಜೀವನ ಕಾಲದ ಭಾವಚಿತ್ರಗಳ ನೀಳ ಕತ್ತು ಮತ್ತು ನೀಳ ಬೆರಳುಗಳ ಛಾಯೆ ಅಲ್ಲಿದೆ.

ಜೀವನಚರಿತ್ರೆಕಾರರು ಆಕೆಯ ಕಲೆಯ ಮೂಲವೆಂದು ಹೇಳುವ ಈ ಅಪಘಾತವನ್ನು ಫ್ರಿಡಾ ತೈಲವರ್ಣದ ಸ್ವತಂತ್ರ ಕೃತಿಯಾಗಿ ಎಂದೂ ಚಿತ್ರಿಸಲಿಲ್ಲ. 1926ರ ಒಂದು ಪೆನ್ಸಿಲ್ ರೇಖಾಚಿತ್ರವನ್ನು ಬಿಟ್ಟರೆ ಆ ಘಟನೆ ಮತ್ತೆ ಕಾಣಿಸಿಕೊಳ್ಳುವುದು ಬಹಳ ವಿಲಕ್ಷಣವಾದ ರೀತಿಯಲ್ಲಿ. ಸುಮಾರು 1943ರಲ್ಲಿ ಆಕೆಗೆ ಬೇರೆ ಯಾರೋ ಅರ್ಪಿಸಿದ್ದ, ವಾಹನಗಳ ಡಿಕ್ಕಿಯನ್ನು ತೋರಿಸುವ ಹರಕೆ ಚಿತ್ರವೊಂದು ದೊರೆಯಿತು. ಆಕೆ ಅದರ ಬಸ್ಸಿನ ಮೇಲೆ ಕೊಯೊಅಕಾನ್ ಎಂಬ ಹೆಸರನ್ನು ಬರೆದಳು. ನೆಲಕ್ಕೆ ಬಿದ್ದಿದ್ದ ಹುಡುಗಿಗೆ ತನ್ನ ಕೂಡುಹುಬ್ಬುಗಳನ್ನು ಕೊಟ್ಟಳು. ಮಗಳನ್ನು ಉಳಿಸಿದ್ದಕ್ಕಾಗಿ ವ್ಯಾಕುಲಮಾತೆಗೆ ತಂದೆತಾಯಿ ಕೃತಜ್ಞತೆ ಸಲ್ಲಿಸುವ ಬರಹವನ್ನು ಕೆಳಗೆ ಸೇರಿಸಿದಳು. ಹರಕೆ ತನ್ನ ಹೆಸರಿನಲ್ಲಿಲ್ಲ, ತಂದೆತಾಯಿಯ ಹೆಸರಿನಲ್ಲಿದೆ. ಅವರ ನಂಬಿಕೆಯ ಲೋಕದಲ್ಲಿ ಸಂತರು ಇನ್ನೂ ಇದ್ದರು. ಮಗಳ ಸ್ವಂತ ಕೃತಿಗಳಲ್ಲಿ ಅವರಿಗೆ ಜಾಗವಿರಲಿಲ್ಲ.

ಗೋಡೆ ಮತ್ತು ತಗಡು

ಚೇತರಿಸಿಕೊಂಡ ಫ್ರಿಡಾ ಕಮ್ಯುನಿಸ್ಟ್ ಪಕ್ಷದ ವಲಯವನ್ನು ಸೇರಿದಳು. ಅಲ್ಲಿನ ಒಡನಾಟದಲ್ಲಿ ಹತ್ತಿರವಾದ ರಿವೆರಾನನ್ನು 1929ರ ಆಗಸ್ಟ್ 21ರಂದು ಮದುವೆಯಾದಳು. ಆಕೆಗೆ 22 ವರ್ಷ, ಆತನಿಗೆ 42. ಈ ಅವಧಿಯಲ್ಲಿಯೇ ಆಕೆ ತೆವಾಂತೆಪೆಕ್ ಪ್ರದೇಶದ ಮಹಿಳೆಯರ ಉದ್ದನೆಯ ಲಂಗ, ಕಸೂತಿ ರವಿಕೆಗಳನ್ನು ತನ್ನ ನಿತ್ಯದ ಉಡುಪಾಗಿಸಿಕೊಂಡಳು. ಈ ಉಡುಪು ಸಣ್ಣಗಾದ ಕಾಲನ್ನು ಮರೆಮಾಡುತ್ತಿತ್ತು ಎಂಬುದು ಎಷ್ಟು ನಿಜವೋ, ಕ್ರಾಂತಿಯ ನಂತರದ ದೇಸಿ ಅಸ್ಮಿತೆಯ ಘೋಷಣೆಯಾಗಿತ್ತು ಎಂಬುದೂ ಅಷ್ಟೇ ನಿಜ. ಆದರೆ ನಗರದ ಮಧ್ಯಮವರ್ಗದ ಹೆಣ್ಣೊಬ್ಬಳು ಮೂಲನಿವಾಸಿ ಮಹಿಳೆಯರ ಉಡುಪನ್ನು ಧರಿಸಿ ರಾಷ್ಟ್ರದ ಸಂಕೇತವಾಗುವಾಗ, ಆ ಉಡುಪನ್ನು ಹೊಲಿದು ತೊಟ್ಟು ದುಡಿಯುತ್ತಿದ್ದ ಮಹಿಳೆಯರು ಎಲ್ಲಿ ಉಳಿದರು ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. 1937ರ 'ನನ್ನ ದಾದಿ ಮತ್ತು ನಾನು' ಚಿತ್ರದಲ್ಲಿ ಹಾಲೂಡಿಸುವ ಮೂಲನಿವಾಸಿ ದಾದಿಗೆ ಮುಖವಿಲ್ಲ, ಕೊಲಂಬಸ್‌ಪೂರ್ವ ಕಾಲದ ಕಲ್ಲಿನ ಮುಖವಾಡವಿದೆ. ಮುಖವಿರುವುದು ಹಾಲುಣ್ಣುವ ಫ್ರಿಡಾಳಿಗೆ ಮಾತ್ರ. ಈ ಅಂತರವನ್ನು ಆಕೆ ಅರಿತೇ ಚಿತ್ರಿಸಿರಲಿ, ಅರಿಯದೆ ಚಿತ್ರಿಸಿರಲಿ, ಚಿತ್ರವಂತೂ ಅದನ್ನು ಮುಚ್ಚಿಡುವುದಿಲ್ಲ.

1930ರ ನವೆಂಬರಿನಲ್ಲಿ ದಂಪತಿಗಳು ಅಮೆರಿಕಕ್ಕೆ ತೆರಳಿದರು. 1932ರಲ್ಲಿ ರಿವೆರಾ ಡೆಟ್ರಾಯಿಟ್‌ನ ಕಲಾಸಂಸ್ಥೆಯ ಗೋಡೆಗಳ ಮೇಲೆ 27 ಫಲಕಗಳ 'ಡೆಟ್ರಾಯಿಟ್ ಕೈಗಾರಿಕೆ' ಭಿತ್ತಿಚಿತ್ರವನ್ನು ಕೈಗೆತ್ತಿಕೊಂಡನು. ಅದರ ಪೂರ್ವದ ಗೋಡೆಯಲ್ಲಿ ಸಸ್ಯದ ಗೆಡ್ಡೆಯೊಳಗೆ ಮುದುಡಿ ಮಲಗಿದ ಶಿಶುವೊಂದಿದೆ. ಅಲ್ಲಿ ಶಿಶುವೆಂದರೆ ಭೂಮಿಯ ಫಲವಂತಿಕೆಯ ರೂಪಕ. ಅದೇ ನಗರದಲ್ಲಿ, ಅದೇ ವರ್ಷದ ಜುಲೈ 4ರಂದು ಫ್ರಿಡಾ ಗರ್ಭಪಾತಕ್ಕೆ ಒಳಗಾಗಿ ಹೆನ್ರಿ ಫೋರ್ಡ್ ಆಸ್ಪತ್ರೆಯನ್ನು ಸೇರಿದಳು. ಬಳಿಕ ಆಕೆ ರಚಿಸಿದ 'ಹೆನ್ರಿ ಫೋರ್ಡ್ ಆಸ್ಪತ್ರೆ' ಎಂಬ ಚಿತ್ರ ಸುಮಾರು 30 ಸೆಂಟಿಮೀಟರ್ ಎತ್ತರ, 38 ಸೆಂಟಿಮೀಟರ್ ಅಗಲದ ಲೋಹದ ಹಾಳೆಯ ಮೇಲಿದೆ. ಬಯಲಿನ ನಡುವೆ ಒಂದು ಮಂಚ, ಅದರ ಮೇಲೆ ರಕ್ತಸಿಕ್ತ ಹಾಸಿಗೆಯಲ್ಲಿ ಬೆತ್ತಲೆ ಮಲಗಿದ ಹೆಣ್ಣು. ಆಕೆಯ ಕೈಯಿಂದ ಹೊರಟ ಕೆಂಪು ದಾರಗಳ ತುದಿಯಲ್ಲಿ ಭ್ರೂಣ, ಬಸವನಹುಳು, ಸೊಂಟದ ಮೂಳೆ, ಹೆಣ್ಣುದೇಹದ ಅಂಗರಚನೆಯ ಮಾದರಿ, ಲೋಹದ ಯಂತ್ರ, ಆರ್ಕಿಡ್ ಹೂವು. ದೂರದ ಅಂಚಿನಲ್ಲಿ ಫೋರ್ಡ್ ಕಾರ್ಖಾನೆಯ ಸಾಲು. ಗಂಡನ ಗೋಡೆಯಲ್ಲಿ ಮಹಾಕಾವ್ಯದ ನಾಯಕನಾಗಿರುವ ಕಾರ್ಖಾನೆ ಇಲ್ಲಿ ಕೈಗೆಟುಕದ ದೂರದ ನಿರ್ಲಿಪ್ತ ಸಾಕ್ಷಿ.

ಹರಕೆ ಚಿತ್ರದ ರಚನೆ ಇಲ್ಲಿ ಸ್ಪಷ್ಟವಾಗಿದೆ. ಹಾಸಿಗೆಯ ರೋಗಿ, ತಗಡಿನ ಹಾಳೆ, ಆಪತ್ತಿನ ಜಾಗ ಮತ್ತು ಕಾಲದ ನಮೂದು ಎಲ್ಲವೂ ಇವೆ. ಆದರೆ ಬರಹವು ಕೆಳಗಿನ ಪಟ್ಟಿಯಿಂದ ಮಂಚದ ಅಂಚಿಗೆ ಸರಿದಿದೆ. ಮೇಲಿನ ಆಕಾಶದಲ್ಲಿ ಯಾರೂ ಇಲ್ಲ. ಸಂತರು ಕಾಣಿಸಿಕೊಳ್ಳಬೇಕಾದ ನೆಲೆಯಲ್ಲಿ ಹುಟ್ಟದೆ ಹೋದ ಮಗು ತೇಲುತ್ತಿದೆ.

ಆ ವರ್ಷದ ಸೆಪ್ಟೆಂಬರಿನಲ್ಲಿ ತಾಯಿ ತೀರಿಕೊಂಡಳು. ಅನಂತರ ರಚಿಸಿದ 'ನನ್ನ ಹುಟ್ಟು' ಈ ಚಿಂತನೆಯನ್ನು ಇನ್ನೂ ಮುಂದಕ್ಕೆ ಒಯ್ಯುತ್ತದೆ. ಹೆರುವ ಹೆಂಗಸಿನ ಮುಖಕ್ಕೆ ಬಿಳಿಯ ಹೊದಿಕೆ ಮುಚ್ಚಿದೆ. ಹೊರಬರುತ್ತಿರುವ ಮಗುವಿನ ತಲೆ ಫ್ರಿಡಾಳದು, ಅದರಲ್ಲಿ ಜೀವದ ಸುಳಿವಿಲ್ಲ. ಮಂಚದ ಮೇಲಿನ ಗೋಡೆಯಲ್ಲಿ ವ್ಯಾಕುಲಮಾತೆಯ ಪಟ ತೂಗುತ್ತಿದೆ. ದೈವ ಇಲ್ಲಿ ಮೋಡಗಳಿಂದ ಇಳಿದು ಬಂದಿಲ್ಲ, ಚೌಕಟ್ಟಿನೊಳಗೆ ಸಿಲುಕಿ ಅಳುವುದಷ್ಟೇ ಅದರ ಪಾಲಿಗೆ ಉಳಿದಿದೆ. ಕೆಳಗೆ ಹರಕೆಯ ಬರಹಕ್ಕಾಗಿ ಸುರುಳಿಪಟ್ಟಿಯೊಂದನ್ನು ಬರೆಯಲಾಗಿದೆ, ಅದರಲ್ಲಿ ಒಂದಕ್ಷರವೂ ಇಲ್ಲ. ಕೃತಜ್ಞತೆ ಹೇಳುವವರು ಯಾರು, ಯಾರಿಗೆ, ಯಾವುದಕ್ಕೆ ಎಂಬ ಮೂರು ಪ್ರಶ್ನೆಗಳಿಗೂ ಉತ್ತರವಿಲ್ಲದಾಗ ಆ ಪಟ್ಟಿ ಖಾಲಿಯೇ ಉಳಿಯಬೇಕಾಗುತ್ತದೆ. ಫ್ರಿಡಾಳ ಕಲೆ ತನ್ನದೇ ಆದ ನೆಲೆಯನ್ನು ಕಂಡುಕೊಂಡದ್ದು ಈ ಖಾಲಿ ಪಟ್ಟಿಯಲ್ಲಿ ಎನ್ನಬಹುದು.

ದೈವದ ನೆಲೆಯಲ್ಲಿ ಕೊಲೆಗಾರನ ನೆವ

ನ್ಯೂಯಾರ್ಕಿನ ರಾಕ್‌ಫೆಲ್ಲರ್ ಕೇಂದ್ರದಲ್ಲಿ ರಿವೆರಾ ರಚಿಸುತ್ತಿದ್ದ ಭಿತ್ತಿಚಿತ್ರ ಅದರಲ್ಲಿನ ಲೆನಿನ್‌ನ ಚಿತ್ರದ ಕಾರಣದಿಂದ 1933ರಲ್ಲಿ ನಿಂತುಹೋಯಿತು, ಮರುವರ್ಷ ಅದನ್ನು ಒಡೆದುಹಾಕಲಾಯಿತು. ದಂಪತಿಗಳು 1933ರ ಕೊನೆಯಲ್ಲಿ ಮೆಕ್ಸಿಕೊಗೆ ಮರಳಿದರು. 1934ರಲ್ಲಿ ರಿವೆರಾ ಫ್ರಿಡಾಳ ತಂಗಿ ಕ್ರಿಸ್ತಿನಾಳೊಂದಿಗೆ ಸಂಬಂಧ ಬೆಳೆಸಿದ್ದು ಬೆಳಕಿಗೆ ಬಂತು. 1935ರಲ್ಲಿ ಫ್ರಿಡಾ ಕೆಲಕಾಲ ಬೇರೆ ವಾಸಿಸಿದಳು. ಆ ವರ್ಷ ಆಕೆ ರಚಿಸಿದ ಚಿತ್ರಗಳು ಬಹಳ ಕಡಿಮೆ. ಅವುಗಳಲ್ಲೊಂದು 'ಕೆಲವು ಸಣ್ಣ ಚುಚ್ಚುಗಳು'.

ಹೆಣ್ಣೊಬ್ಬಳನ್ನು ಇರಿದು ಕೊಂದವನು ವಿಚಾರಣೆಯಲ್ಲಿ ತನ್ನ ಕೃತ್ಯವನ್ನು ಹಗುರಗೊಳಿಸಿ ಹೇಳಿದ ಸಮಜಾಯಿಷಿ ಪತ್ರಿಕೆಯಲ್ಲಿ ವರದಿಯಾಗಿತ್ತು. ಚಿತ್ರದ ಶೀರ್ಷಿಕೆ ಆ ಸಮಜಾಯಿಷಿಯಿಂದಲೇ ಬಂದಿದೆ. ಮಂಚದ ಮೇಲೆ ಮೈತುಂಬ ಇರಿತದ ಗಾಯಗಳುಳ್ಳ ಹೆಣ್ಣು, ಪಕ್ಕದಲ್ಲಿ ಟೊಪ್ಪಿಗೆ ಧರಿಸಿ ಚಾಕು ಹಿಡಿದು ನಿಂತ ಗಂಡು. ರಕ್ತದ ಕಲೆಗಳು ಚಿತ್ರದ ಅಂಚನ್ನು ದಾಟಿ ಮರದ ಚೌಕಟ್ಟಿನ ಮೇಲೂ ಬಿದ್ದಿವೆ. ಹರಕೆ ಚಿತ್ರದ ವ್ಯಾಕರಣವನ್ನು ಬಲ್ಲ ನೋಡುಗರ ಕಣ್ಣು ಸಹಜವಾಗಿಯೇ ಮೇಲಕ್ಕೆ, ಕಾಪಾಡುವ ದೈವದ ಕಡೆಗೆ ಹೋಗುತ್ತದೆ. ಅಲ್ಲಿ ಎರಡು ಪಾರಿವಾಳಗಳು, ಒಂದು ಬಿಳಿ ಇನ್ನೊಂದು ಕಪ್ಪು, ಪಟ್ಟಿಯೊಂದನ್ನು ಹಿಡಿದುಕೊಂಡಿವೆ. ಪಟ್ಟಿಯಲ್ಲಿರುವುದು ಕೊಲೆಗಾರನ ಅದೇ ಸಮಜಾಯಿಷಿ. ದೈವದ ನೆಲೆಯನ್ನೂ ಬರಹದ ನೆಲೆಯನ್ನೂ ಗಂಡಿನ ನೆವವೇ ಆಕ್ರಮಿಸಿಕೊಂಡಿದೆ. ಸತ್ತವಳ ಮಾತಿಗೆ ಆ ಹಾಳೆಯಲ್ಲಿ ಎಲ್ಲಿಯೂ ಜಾಗವಿಲ್ಲ. ಗಂಡ ಮತ್ತು ತಂಗಿಯ ದ್ರೋಹದ ಸಂಕೇತವಾಗಿ ಮಾತ್ರ ಈ ಚಿತ್ರವನ್ನು ಓದಿದರೆ ಕೊಲೆಯಾದ ಆ ಹೆಸರಿಲ್ಲದ ಹೆಂಗಸು ಎರಡನೆಯ ಬಾರಿ ಅದೃಶ್ಯಳಾಗುತ್ತಾಳೆ. ಫ್ರಿಡಾ ತನ್ನ ಸಂಕಟವನ್ನು ಇನ್ನೊಬ್ಬಳ ಸಾವಿನ ಮೂಲಕ ಕಂಡಳು, ಅಥವಾ ಇನ್ನೊಬ್ಬಳ ಸಾವನ್ನು ತನ್ನ ಸಂಕಟದ ಮೂಲಕ ಅರಿತಳು. ಯಾವ ರೀತಿಯಿಂದ ನೋಡಿದರೂ ಇದು ಖಾಸಗಿ ದೂರನ್ನು ಮೀರಿದ ಕೃತಿ.

ಪ್ಯಾರಿಸ್, ಅತಿವಾಸ್ತವವಾದ ಮತ್ತು ಇಬ್ಬರು ಫ್ರಿಡಾಗಳು

1937ರ ಜನವರಿಯಲ್ಲಿ ಮೆಕ್ಸಿಕೊದಲ್ಲಿ ಆಶ್ರಯ ಪಡೆದ ಲಿಯಾನ್ ಟ್ರಾಟ್‌ಸ್ಕಿಗೆ ನೀಲಿ ಮನೆಯಲ್ಲಿ ವಸತಿ ಒದಗಿಸಲಾಯಿತು. ಆತನೊಂದಿಗೆ ಫ್ರಿಡಾಳಿಗೆ ಅಲ್ಪಕಾಲದ ಪ್ರೇಮಸಂಬಂಧವೂ ಇತ್ತು. 1938ರಲ್ಲಿ ಮೆಕ್ಸಿಕೊಗೆ ಬಂದ ಫ್ರೆಂಚ್ ಕವಿ ಆಂದ್ರೆ ಬ್ರೆತೊಂ ಆಕೆಯ ಚಿತ್ರಗಳನ್ನು ಕಂಡು ಆಕೆಯನ್ನು ಅತಿವಾಸ್ತವವಾದಿಗಳ ಸಾಲಿಗೆ ಸೇರಿಸಿದನು. ಅದೇ ವರ್ಷದ ನವೆಂಬರಿನಲ್ಲಿ ನ್ಯೂಯಾರ್ಕಿನ ಜೂಲಿಯನ್ ಲೆವಿ ಗ್ಯಾಲರಿಯಲ್ಲಿ 25 ಚಿತ್ರಗಳ ಮೊದಲ ಏಕವ್ಯಕ್ತಿ ಪ್ರದರ್ಶನ ನಡೆಯಿತು. 1939ರ ಮಾರ್ಚಿನಲ್ಲಿ ಪ್ಯಾರಿಸ್ಸಿನ ಪ್ರದರ್ಶನದಿಂದ 'ಚೌಕಟ್ಟು' ಎಂಬ ಆತ್ಮಚಿತ್ರವನ್ನು ಫ್ರೆಂಚ್ ಸರ್ಕಾರ ಕೊಂಡುಕೊಂಡಿತು.

ಆದರೆ ಬ್ರೆತೊಂ ಕೊಟ್ಟ ಹಣೆಪಟ್ಟಿಯನ್ನು ಫ್ರಿಡಾ ಮನಃಪೂರ್ವಕವಾಗಿ ಒಪ್ಪಲಿಲ್ಲ. ತಾನು ಚಿತ್ರಿಸುವುದು ಕನಸುಗಳನ್ನಲ್ಲ, ತನ್ನ ವಾಸ್ತವವನ್ನು ಎಂಬುದು ಆಕೆಯ ನಿಲುವಾಗಿತ್ತು. ಈ ಭಿನ್ನಾಭಿಪ್ರಾಯದ ಹಿಂದೆ ಎರಡು ಸಂಸ್ಕೃತಿಗಳ ದೃಷ್ಟಿಭೇದವಿದೆ. ಯುರೋಪಿನ ಅತಿವಾಸ್ತವವಾದಿಗೆ ಬಯಲಿನಲ್ಲಿ ತೇಲುವ ಮಂಚ ಸುಪ್ತಮನಸ್ಸಿನಿಂದ ಎದ್ದುಬಂದ ಬೆರಗು. ಮೆಕ್ಸಿಕೊದ ಚರ್ಚಿನ ಗೋಡೆಗಳಲ್ಲಿ ಅಂತಹ ಮಂಚಗಳನ್ನು ಕಾಣುತ್ತ ಬೆಳೆದವರಿಗೆ ಅದು ಆಪತ್ತನ್ನು ಹೇಳುವ ಪರಿಚಿತ ವಿಧಾನ. ಬ್ರೆತೊಂ ಕಂಡದ್ದು ವಿಚಿತ್ರವನ್ನು, ಆಕೆ ಬಳಸಿದ್ದು ರೂಢಿಯನ್ನು.

1939ರ ನವೆಂಬರಿನಲ್ಲಿ ರಿವೆರಾನೊಂದಿಗೆ ವಿಚ್ಛೇದನವಾಯಿತು. ಅದೇ ವರ್ಷ ರಚನೆಯಾದ 'ಇಬ್ಬರು ಫ್ರಿಡಾಗಳು' ಆಕೆಯ ಅಳತೆಯನ್ನು ಮೀರಿದ ಚಿತ್ರ. ಸುಮಾರು 173 ಸೆಂಟಿಮೀಟರಿನ ಚೌಕದ ಕ್ಯಾನ್ವಾಸ್ ಅದು. ಯುರೋಪಿನ ಬಿಳಿಯ ಉಡುಪಿನ ಫ್ರಿಡಾ ಮತ್ತು ತೆವಾನಾ ಉಡುಪಿನ ಫ್ರಿಡಾ ಕೈಹಿಡಿದು ಕುಳಿತಿದ್ದಾರೆ. ಇಬ್ಬರ ತೆರೆದ ಹೃದಯಗಳನ್ನು ಒಂದೇ ರಕ್ತನಾಳ ಜೋಡಿಸಿದೆ. ಒಂದು ತುದಿಯಲ್ಲಿ ಅದು ಬಾಲಕ ದಿಯೆಗೊನ ಪುಟ್ಟ ಚಿತ್ರದಿಂದ ಹೊರಡುತ್ತದೆ, ಇನ್ನೊಂದು ತುದಿಯಲ್ಲಿ ಬಿಳಿಯ ಉಡುಪಿನವಳು ಅದನ್ನು ಇಕ್ಕಳದಿಂದ ಹಿಡಿದಿದ್ದರೂ ರಕ್ತ ತೊಟ್ಟಿಕ್ಕುತ್ತಲೇ ಇದೆ. ಇಲ್ಲಿಯೂ ಕಾಪಾಡುವ ಮೂರನೆಯವರಿಲ್ಲ. ಒಬ್ಬ ಫ್ರಿಡಾಳ ಕೈಯನ್ನು ಹಿಡಿಯಲು ಇನ್ನೊಬ್ಬ ಫ್ರಿಡಾಳೇ ಬೇಕಾಗಿದ್ದಾಳೆ. 1940ರ 'ಕತ್ತರಿಸಿದ ಕೂದಲಿನ ಆತ್ಮಚಿತ್ರ'ದಲ್ಲಿ ತೆವಾನಾ ಉಡುಪನ್ನೂ ಕಳಚಿ, ಗಂಡಸಿನ ದೊಗಲೆ ಸೂಟು ಧರಿಸಿ, ಕತ್ತರಿ ಹಿಡಿದು ಕುಳಿತ ಹೆಣ್ಣಿದ್ದಾಳೆ. ಆ ಡಿಸೆಂಬರ್ 8ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆಕೆ ರಿವೆರಾನನ್ನೇ ಪುನಃ ಮದುವೆಯಾದಳು.

ವೈದ್ಯರೆಂಬ ಹೊಸ ಸಂತರು

1940ರ ದಶಕದಲ್ಲಿ ಖಾಲಿಯಿದ್ದ ನೆಲೆಗೆ ಮನುಷ್ಯರು ಬರತೊಡಗುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆಕೆಗೆ ಚಿಕಿತ್ಸೆ ನೀಡಿದ ಡಾ. ಲಿಯೊ ಎಲೊಸ್ಸರ್‌ಗೆ ಅರ್ಪಿಸಿದ 1940ರ ಆತ್ಮಚಿತ್ರದಲ್ಲಿ ಕೈಯಾಕಾರದ ಕಿವಿಯೋಲೆ ಇದೆ. ಗುಣವಾದ ಅಂಗಗಳ ಪುಟ್ಟ ಲೋಹಪ್ರತಿಮೆಗಳನ್ನು ಸಂತರಿಗೆ ಒಪ್ಪಿಸುವ ಮೆಕ್ಸಿಕೊದ ರೂಢಿಯನ್ನು ಅದು ನೆನಪಿಗೆ ತರುತ್ತದೆ. ಕೆಳಗಿನ ಪಟ್ಟಿಯಲ್ಲಿ ವೈದ್ಯನ ಹೆಸರಿನೊಂದಿಗೆ ಅರ್ಪಣೆಯ ಬರಹವಿದೆ. ಎಂಟು ವರ್ಷಗಳ ಹಿಂದೆ ಖಾಲಿ ಉಳಿದಿದ್ದ ಪಟ್ಟಿ ಇಲ್ಲಿ ತುಂಬಿದೆ.

1943ರಲ್ಲಿ ಆಕೆ 'ಲಾ ಎಸ್ಮೆರಾಲ್ದಾ' ಕಲಾಶಾಲೆಯಲ್ಲಿ ಅಧ್ಯಾಪಕಿಯಾದಳು. ಆರೋಗ್ಯ ಕೆಟ್ಟಾಗ ಪಾಠಗಳು ನೀಲಿ ಮನೆಯಲ್ಲಿಯೇ ನಡೆದವು. ಕೊನೆಯವರೆಗೂ ಜೊತೆಗುಳಿದ ನಾಲ್ವರು ಶಿಷ್ಯರು 'ಲೋಸ್ ಫ್ರಿದೋಸ್' ಎಂದು ಹೆಸರಾದರು. ಸ್ವತಃ ಭಿತ್ತಿಚಿತ್ರ ರಚಿಸದ ಆಕೆ ಆ ವರ್ಷ ಶಿಷ್ಯರಿಗೆ ಬಯಲಿನ ಗೋಡೆಯೊಂದನ್ನು ದೊರಕಿಸಿಕೊಟ್ಟಳು. ಅದು ಸರ್ಕಾರಿ ಭವನದ ಗೋಡೆಯಲ್ಲ, ಕೊಯೊಅಕಾನ್‌ನ 'ಲಾ ರೊಸಿತಾ' ಎಂಬ ಪಾನಗೃಹದ ಗೋಡೆ.

1944ರ 'ಮುರಿದ ಕಂಬ'ದಲ್ಲಿ ಸೀಳಿದ ದೇಹದೊಳಗೆ ಬೆನ್ನುಮೂಳೆಯ ಬದಲು ಬಿರುಕುಬಿಟ್ಟ ಗ್ರೀಕ್ ಶೈಲಿಯ ಕಂಬವಿದೆ. ಮೈಗೆಲ್ಲ ಮೊಳೆಗಳು ನಾಟಿವೆ, ದೇಹವನ್ನು ಹಿಡಿದು ನಿಲ್ಲಿಸಿರುವುದು ಉಕ್ಕಿನ ಪಟ್ಟಿಗಳ ಕವಚ. ಸೊಂಟದ ಬಿಳಿಯ ವಸ್ತ್ರ, ಮೊಳೆಗಳು, ಕಣ್ಣೀರು ಎಲ್ಲವೂ ಹುತಾತ್ಮ ಸಂತರ ಚಿತ್ರಗಳಿಂದ ಬಂದ ವಿವರಗಳೇ. ಆದರೆ ಸಂತರ ಕಣ್ಣು ಆಕಾಶವನ್ನು ನೋಡುತ್ತದೆ, ಇವಳ ಕಣ್ಣು ನೋಡುಗರನ್ನೇ ನೇರವಾಗಿ ನೋಡುತ್ತದೆ. ಕರುಣೆಯನ್ನು ಬೇಡದ ಈ ನೋಟವೇ ಈ ಚಿತ್ರವನ್ನು ದೂರಿನ ಮಟ್ಟದಿಂದ ಮೇಲೆತ್ತುತ್ತದೆ.

1946ರಲ್ಲಿ ನ್ಯೂಯಾರ್ಕಿನಲ್ಲಿ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆ ನಡೆಯಿತು. 1950ರ ಬಹುಭಾಗವನ್ನು ಮೆಕ್ಸಿಕೊ ನಗರದ ಆಸ್ಪತ್ರೆಯಲ್ಲಿಯೇ ಕಳೆಯಬೇಕಾಯಿತು. ಅಲ್ಲಿ ಡಾ. ಹುವಾನ್ ಫಾರಿಲ್ ಆಕೆಗೆ ಏಳು ಶಸ್ತ್ರಚಿಕಿತ್ಸೆಗಳನ್ನು ಮಾಡಿದನು. 1951ರ ಚಿತ್ರದಲ್ಲಿ ಗಾಲಿಕುರ್ಚಿಯಲ್ಲಿ ಕುಳಿತ ಫ್ರಿಡಾಳ ಪಕ್ಕದಲ್ಲಿ, ಈಸೆಲಿನ ಮೇಲೆ ಡಾ. ಫಾರಿಲ್‌ನ ದೊಡ್ಡ ಭಾವಚಿತ್ರವಿದೆ. ಆಕೆಯ ಕೈಯಲ್ಲಿ ಬಣ್ಣದ ಹಲಗೆಯ ಬದಲು ಹೃದಯವಿದೆ, ಕುಂಚಗಳ ತುದಿಯಲ್ಲಿ ರಕ್ತವಿದೆ. ಹರಕೆ ಚಿತ್ರದ ಸಂತನ ನೆಲೆಗೆ ವೈದ್ಯ ಬಂದಿದ್ದಾನೆ. ಆದರೆ ಆ ಸಂತನನ್ನು ಚಿತ್ರಿಸಿದವಳು ತಾನೇ ಎಂಬುದನ್ನು ಚಿತ್ರ ಮರೆಯಗೊಡುವುದಿಲ್ಲ.

ಕೊನೆಯ ವರ್ಷಗಳು

ಸ್ವದೇಶದಲ್ಲಿ ಫ್ರಿಡಾಳ ಮೊದಲ ಏಕವ್ಯಕ್ತಿ ಪ್ರದರ್ಶನ ನಡೆದದ್ದು 1953ರ ಏಪ್ರಿಲ್‌ನಲ್ಲಿ, ಛಾಯಾಗ್ರಾಹಕಿ ಲೋಲಾ ಆಲ್ವಾರೆಸ್ ಬ್ರಾವೊಳ ಗ್ಯಾಲರಿಯಲ್ಲಿ. ಹಾಸಿಗೆ ಬಿಟ್ಟು ಏಳಬಾರದೆಂದು ವೈದ್ಯರು ಸೂಚಿಸಿದ್ದರಿಂದ ಆಕೆಯ ಮಂಚವನ್ನೇ ಗ್ಯಾಲರಿಯಲ್ಲಿ ಹಾಕಿಸಲಾಯಿತು, ಆಕೆ ಆಂಬ್ಯುಲೆನ್ಸ್‌ನಲ್ಲಿ ಬಂದು ಅದರಲ್ಲಿ ಮಲಗಿ ಅತಿಥಿಗಳನ್ನು ಬರಮಾಡಿಕೊಂಡಳು. ಆ ವರ್ಷದ ಆಗಸ್ಟಿನಲ್ಲಿ ಬಲಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು.

1948ರಲ್ಲಿ ಕಮ್ಯುನಿಸ್ಟ್ ಪಕ್ಷವನ್ನು ಮರಳಿ ಸೇರಿದ್ದ ಆಕೆಯ ಕೊನೆಯ ಕೃತಿಗಳಲ್ಲಿ 'ಮಾರ್ಕ್ಸ್‌ವಾದವು ರೋಗಿಗಳಿಗೆ ಆರೋಗ್ಯ ನೀಡುವುದು' ಎಂಬುದೊಂದು. ಅದರಲ್ಲಿ ಮಾರ್ಕ್ಸ್‌ನ ಬೃಹತ್ ಹಸ್ತಗಳು ಆಕೆಯನ್ನು ಆಧರಿಸಿವೆ, ಊರುಗೋಲುಗಳು ಬದಿಗೆ ಸರಿದಿವೆ. ಇದು ಹರಕೆ ಚಿತ್ರದ ಪೂರ್ಣ ರೂಪ. ಆಪತ್ತೂ ಇದೆ, ಕಾಪಾಡುವ ದೈವವೂ ಇದೆ. ಆದರೆ 1932ರ ತಗಡಿನ ಮೇಲಿದ್ದ ಬಿಗಿ ಇಲ್ಲಿ ಇಲ್ಲ. ಔಷಧಗಳ ಪರಿಣಾಮದಿಂದ ಕುಂಚದ ಹಿಡಿತ ಸಡಿಲವಾದದ್ದು ಇದಕ್ಕೆ ಒಂದು ಕಾರಣ. ಖಾಲಿ ನೆಲೆಯನ್ನು ಎದುರಿಸುವ ಬದಲು ಅದನ್ನು ಸಿದ್ಧ ಉತ್ತರದಿಂದ ತುಂಬಿದ್ದು ಇನ್ನೊಂದು ಕಾರಣ. ಸ್ಟಾಲಿನ್‌ನ ಕುರಿತು ಆಕೆಗೆ ಈ ಕಾಲದಲ್ಲಿ ಬೆಳೆದ ಆರಾಧನೆಯನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ವಿಮರ್ಶೆಯು ಆಕೆಯ ಸಂಕಟವನ್ನು ಗೌರವಿಸುವ ಭರದಲ್ಲಿ ಈ ಮಿತಿಯನ್ನು ಮುಚ್ಚಿಡಬೇಕಾಗಿಲ್ಲ.

1954ರ ಜುಲೈ 2ರಂದು, ಗ್ವಾಟೆಮಾಲಾದ ಚುನಾಯಿತ ಸರ್ಕಾರವನ್ನು ಅಮೆರಿಕದ ಬೆಂಬಲದಿಂದ ಉರುಳಿಸಿದ್ದರ ವಿರುದ್ಧ ನಡೆದ ಮೆರವಣಿಗೆಯಲ್ಲಿ ಆಕೆ ಗಾಲಿಕುರ್ಚಿಯಲ್ಲಿ ಕುಳಿತು ಪಾಲ್ಗೊಂಡಳು. ಜುಲೈ 13ರಂದು, 47ನೆಯ ವಯಸ್ಸಿನಲ್ಲಿ ನೀಲಿ ಮನೆಯಲ್ಲಿಯೇ ತೀರಿಕೊಂಡಳು. ಲಲಿತಕಲಾ ಭವನದಲ್ಲಿ ಆಕೆಯ ಶವಪೆಟ್ಟಿಗೆಯ ಮೇಲೆ ಕಮ್ಯುನಿಸ್ಟ್ ಧ್ವಜವನ್ನು ಹೊದಿಸಲು ಅವಕಾಶ ಕೊಟ್ಟ ಕಾರಣಕ್ಕೆ ಲಲಿತಕಲಾ ಸಂಸ್ಥೆಯ ನಿರ್ದೇಶಕ ಆಂದ್ರೆಸ್ ಇದುವಾರ್ತೆ ಹುದ್ದೆಯನ್ನು ಕಳೆದುಕೊಂಡನು.

ಮರಣೋತ್ತರ ಬದುಕು

ನೀಲಿ ಮನೆ 1958ರಲ್ಲಿ ವಸ್ತುಸಂಗ್ರಹಾಲಯವಾಯಿತು. ಆದರೂ ಎರಡು ದಶಕಗಳ ಕಾಲ ಫ್ರಿಡಾಳ ಹೆಸರು ಮೆಕ್ಸಿಕೊದ ಹೊರಗೆ ಹೆಚ್ಚಾಗಿ ರಿವೆರಾನ ಪತ್ನಿ ಎಂಬ ವಿಶೇಷಣದೊಂದಿಗೇ ಉಳಿಯಿತು. 1970ರ ದಶಕದ ಸ್ತ್ರೀವಾದಿ ಚಳವಳಿ ಆಕೆಯ ಮರುಓದಿಗೆ ದಾರಿ ಮಾಡಿಕೊಟ್ಟಿತು. 1982ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಗ್ಯಾಲರಿಯಲ್ಲಿ ಲಾರಾ ಮಲ್ವಿ ಮತ್ತು ಪೀಟರ್ ವೊಲೆನ್ ಏರ್ಪಡಿಸಿದ ಪ್ರದರ್ಶನ, 1983ರಲ್ಲಿ ಬಂದ ಹೇಡನ್ ಹೆರೆರಾಳ ಜೀವನಚರಿತ್ರೆ ಈ ದಾರಿಯ ಮುಖ್ಯ ಘಟ್ಟಗಳು. 1984ರಲ್ಲಿ ಮೆಕ್ಸಿಕೊ ಸರ್ಕಾರ ಆಕೆಯ ಕೃತಿಗಳನ್ನು ರಾಷ್ಟ್ರೀಯ ಪರಂಪರೆಯ ಭಾಗವೆಂದು ಘೋಷಿಸಿತು. 2002ರ ಚಲನಚಿತ್ರ ಆಕೆಯ ಮುಖವನ್ನು ಜಗತ್ತಿನ ಮನೆಮನೆಗೆ ತಲುಪಿಸಿತು. 2025ರ ನವೆಂಬರಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 1940ರ 'ಕನಸು' ಅಥವಾ 'ಹಾಸಿಗೆ' ಎಂಬ ಚಿತ್ರ 5.47 ಕೋಟಿ ಡಾಲರಿಗೆ ಮಾರಾಟವಾಯಿತು. ಮಹಿಳಾ ಕಲಾವಿದರ ಕೃತಿಯೊಂದಕ್ಕೆ ಹರಾಜಿನಲ್ಲಿ ಅಲ್ಲಿಯವರೆಗೆ ಬಂದಿದ್ದ ಬೆಲೆಗಳಲ್ಲಿ ಅದೇ ದೊಡ್ಡದು. ಹೆಸರಿಲ್ಲದ ಚಿತ್ರಕಾರರ ಅಗ್ಗದ ತಗಡಿನಿಂದ ಹೊರಟ ಕಲೆ ತಲುಪಿದ ಜಾಗವಿದು.

ಈ ಮರಣೋತ್ತರ ಬದುಕಿನಲ್ಲಿ ಒಂದು ವ್ಯಂಗ್ಯವಿದೆ. ತನ್ನ ಶ್ರೇಷ್ಠ ಚಿತ್ರಗಳಲ್ಲಿ ಸಂತರ ನೆಲೆಯನ್ನು ಖಾಲಿ ಬಿಟ್ಟವಳನ್ನೇ ಮಾರುಕಟ್ಟೆಯು ಆ ನೆಲೆಯಲ್ಲಿ ತಂದು ಕೂರಿಸಿದೆ. ಕೂಡುಹುಬ್ಬು, ಹೂಮುಡಿದ ತಲೆ, ಕಸೂತಿಯ ಉಡುಪು ಸೇರಿ ನೋವನ್ನು ಗೆದ್ದವಳ ಪಟವೊಂದು ಸಿದ್ಧವಾಗಿದೆ. ಜೀವನಚರಿತ್ರೆಯ ಓದು ಕೂಡ ತಿಳಿದೋ ತಿಳಿಯದೆಯೋ ಆ ಪಟಕ್ಕೆ ಹೂವೇರಿಸುವ ಕೆಲಸ ಮಾಡುತ್ತ ಬಂದಿದೆ. ಈ ಪಟದ ಎದುರು 'ನನ್ನ ಹುಟ್ಟು' ಚಿತ್ರದ ಅಕ್ಷರವಿಲ್ಲದ ಪಟ್ಟಿಯನ್ನು ಇಟ್ಟು ನೋಡಿದಾಗ ಫ್ರಿಡಾಳ ಸಾಧನೆ ಎಲ್ಲಿದೆ ಎಂಬುದು ತಿಳಿಯುತ್ತದೆ. ಜನಪದರ ನಂಬಿಕೆ ಕಟ್ಟಿದ ರೂಪವನ್ನು ಆಕೆ ಗೌರವದಿಂದ ಎತ್ತಿಕೊಂಡಳು. ಆದರೆ ತನಗಿಲ್ಲದ ನಂಬಿಕೆಯನ್ನು ಇದೆಯೆಂದು ನಟಿಸಲಿಲ್ಲ. ಮಹಿಳೆಯರ ಆತ್ಮಾಭಿವ್ಯಕ್ತಿಯನ್ನು ಅಧ್ಯಯನ ಮಾಡುವವರಿಗೆ ಆಕೆಯ ಚಿತ್ರಗಳು ಸೂಚಿಸುವ ಪಾಠವೂ ಇದೇ ಆಗಿದೆ. ಹೆಣ್ಣೊಬ್ಬಳು ತನ್ನನ್ನು ಕುರಿತು ಹೇಳಿಕೊಂಡಾಗ ಅಲ್ಲಿ ಏನು ನಡೆಯಿತು ಎಂದು ಕೇಳುವುದರ ಜೊತೆಗೆ, ಯಾವ ರೂಪದಲ್ಲಿ ಹೇಳಿದಳು, ಎಲ್ಲಿ ಮಾತನ್ನು ನಿಲ್ಲಿಸಿದಳು ಎಂದೂ ಕೇಳಬೇಕು. ಆಕೆ ಖಾಲಿ ಬಿಟ್ಟ ಪಟ್ಟಿಯಲ್ಲಿ ಅವಸರದಿಂದ ಬರೆಯುವುದು ಓದುಗರ ಕೆಲಸವಲ್ಲ.